ಸೂತಕದ ಮನೆಯಲ್ಲಿ ನಗೆ

ದುಃಖದ ಮನೆಯಲ್ಲಿ ನಗುವುದು ಅವಿವೇಕವೆಂದು ಹಿರಿಯರು ಮಕ್ಕಳಿಗೆ ಕಲಿಸುವರು, ಕಲಿಸತಕ್ಕುದೇ ಸರಿ. ನಮ್ಮ ಆಲಂಕಾರಿಕರೂ ಕರುಣವನ್ನು ಹಾಸ್ಯಕ್ಕೆ ವಿರೋಧಿಯೆಂದೇ ಎಣಿಸಿರುವರು. ಹೀಗಿರಲು, ಸಾವಿನಿಂದ ಮೊದಲಾಗಿ ಹನ್ನೊಂದನೆಯ ದಿನದ ಊಟದ ಸುತ್ತಲೇ ನಡೆಯುವ ಕಥೆಯೊಂದನ್ನು ಕಂಡು ಜನರು ಮನಸಾರೆ ನಕ್ಕರೆ, ಅದು ಮೃತರಿಗೆ ಅಗೌರವವಾಗುವುದೋ ಇಲ್ಲವೋ ಎಂಬ ಪ್ರಶ್ನೆಯು ವಿಚಾರಾರ್ಹವಾದುದು.

2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದ ‘ತಿಥಿ’ ಎಂಬ ಕನ್ನಡ ಚಲನಚಿತ್ರವು ಅಂತಹುದು. ರಾಮ್ ರೆಡ್ಡಿಯವರು ಅದರ ನಿರ್ದೇಶಕರು. ಈರೇಗೌಡರು ಅವರೊಡನೆ ಕೂಡಿ ಕಥೆಯನ್ನು ಹೆಣೆದವರು. ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರಧಾರಿಗಳು. ಆಡುವುದೂ ಅವರ ಮಾತೇ. ದಾರಿಹೋಕರನ್ನು ಬಯ್ಯುತ್ತ ಕುಳಿತಿದ್ದ 101 ವರ್ಷದ ಸೆಂಚುರಿ ಗೌಡನು ಒಂದು ದಿನ ತೀರಿಕೊಳ್ಳುವನು. ಮಗ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಅಳುವೂ ಇಲ್ಲ; ಹೊಲಗಳಲ್ಲಿ ಅಲೆದಾಡುವುದೇ ಅವನ ಬಾಳು. ಮೊಮ್ಮಗ ತಮ್ಮಣ್ಣನಿಗಾದರೋ ಜಮೀನನ್ನು ಮಾರುವ ಆತುರ. ತಂದೆಯು ಒಪ್ಪದಿರಲು, ಆತನು ಸತ್ತನೆಂದೇ ಸುಳ್ಳು ಕಾಗದವನ್ನು ಮಾಡಿಸಿ, ದೂರಕ್ಕೆ ಕಳುಹಿಸಿಬಿಡಲು ಹವಣಿಸುವನು. ಇತ್ತ ಊರವರಿಗೆಲ್ಲ ಊಟವಿಕ್ಕಲು ಸಾಲವನ್ನೂ ಮಾಡುವನು.

ಇಲ್ಲಿ ನಗೆಯು ಹುಟ್ಟುವುದೆಲ್ಲಿ? ರಸದ ಆಭಾಸವೇ ಹಾಸ್ಯಕ್ಕೆ ಕಾರಣವೆಂದೂ, ಶೋಕಿಸಬೇಕಾದ ಬಂಧುವಲ್ಲದವನು ಶೋಕಿಸಿದರೆ ಆ ಕರುಣವೂ ಹಾಸ್ಯವೇ ಆಗುವುದೆಂದೂ ಅಭಿನವಗುಪ್ತಾಚಾರ್ಯರು ಬಗೆದಿರುವರು. ಚಿತ್ರದಲ್ಲಿ ನಾವು ನಗುವುದು ಶೋಕವನ್ನು ಕಂಡಲ್ಲ. ಶೋಕದ ಸ್ಥಾನದಲ್ಲಿ ಲೆಕ್ಕಾಚಾರವು ಕುಳಿತಿರುವುದನ್ನು ಕಂಡು. ಇದಕ್ಕೆ ಸಾಕ್ಷಿಯೂ ಅಲ್ಲಿಯೇ ಉಂಟು. ರಾತ್ರಿಯ ಹೊತ್ತು ಕುರಿಗಾಹಿಗಳ ನಡುವೆ ಕುಳಿತು ಗಡ್ಡಪ್ಪನು ತನ್ನ ಹಿಂದಿನ ಬಾಳಿನ ನೋವನ್ನು ಹೇಳತೊಡಗಿದಾಗ, ಯಾರೂ ತಡೆಯದಿದ್ದರೂ ನಗೆಯು ತಾನಾಗಿಯೇ ಅಡಗುವುದು. ನಿಜವಾದ ದುಃಖದ ಎದುರು ನಿಲ್ಲಬಲ್ಲ ನಗೆಯು ದುಃಖಕ್ಕೆ ಶತ್ರುವಲ್ಲ.

ಹಾಗಾದರೆ ಅಂತಃಕರಣವಿಲ್ಲದ ಕರ್ಮವೆಲ್ಲ ವ್ಯರ್ಥವೆ? ಹಾಗೆನ್ನಲಾಗದು. ಶ್ರಾದ್ಧಕ್ಕೆ ಮೂಲವು ಶ್ರದ್ಧೆಯೇ ಹೊರತು ಶೋಕವಲ್ಲ. ತುಂಬು ಬಾಳನ್ನು ಬಾಳಿದವರ ಶವದ ಮುಂದೆ ವಾದ್ಯವನ್ನು ಬಾರಿಸುವ ರೂಢಿಯು ನಮ್ಮಲ್ಲಿ ಹಲವೆಡೆ ಉಂಟಷ್ಟೆ. ನೂರು ದಾಟಿದವನಿಗಾಗಿ ಕಣ್ಣೀರು ಬಾರದಿದ್ದರೆ ದೋಷವಿಲ್ಲ. ಊರು ಒಂದೆಡೆ ಕುಳಿತು ಉಂಡರೆ ಅದೂ ಒಂದು ಸತ್ಕಾರವೇ. ಆದುದರಿಂದ ತಮ್ಮಣ್ಣನ ತಪ್ಪು ಅಳದಿರುವುದರಲ್ಲಿಲ್ಲ, ಸಾಲಮಾಡಿ ಊಟವಿಕ್ಕಿದುದರಲ್ಲಿಯೂ ಇಲ್ಲ. ಸತ್ತ ತಾತನಿಗೆ ತಿಥಿಯನ್ನು ನಡೆಸುವ ಕೈಯೇ ಬದುಕಿರುವ ತಂದೆಯನ್ನು ಕಾಗದದ ಮೇಲೆ ಸಾಯಿಸಿತಲ್ಲ, ಅದೇ ಅವನ ತಪ್ಪು.

ಆದರೂ ಅವನು ದುರುಳನೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಲ್ಲ. ಸಂಸಾರದ ಭಾರವೂ ಊರವರ ಮಾತಿನ ಭಯವೂ ಅವನನ್ನು ಅಟ್ಟುತ್ತಿರುವುವು. ಓದುಬರಹ ಬಲ್ಲ ನಮ್ಮ ಮನೆಗಳಲ್ಲಿಯೂ, ಬದುಕಿದ್ದಾಗ ಬಾಗಿಲಿಗೆ ಬಾರದವರು ವೈಕುಂಠ ಸಮಾರಾಧನೆಯ ದಿನ ಮೊದಲ ಪಂಕ್ತಿಯಲ್ಲಿ ಕುಳಿತಿರುವುದುಂಟು; ಸೂತಕವು ಕಳೆಯುವ ಮೊದಲೇ ಪಾಲುಪತ್ರದ ಮಾತು ಏಳುವುದುಂಟು. ತಮ್ಮಣ್ಣನು ಪೇಟೆಯಲ್ಲಿ ಮಾಡಿಸಿದ ಮರಣಪತ್ರವನ್ನು ನಾವು ಮೌನದಿಂದಲೇ ಬರೆದುಕೊಡುವೆವು: ಹಿರಿಯರನ್ನು ಕೇಳದೆ ಅವರ ವಿಷಯವನ್ನು ನಿಶ್ಚಯಿಸುವಾಗ, ಅವರೆದುರಿಗೇ ಅವರಿಲ್ಲವೆಂಬಂತೆ ಮಾತನಾಡುವಾಗ.

ಆ ಚಿತ್ರವನ್ನು ಕಂಡು ನಕ್ಕವರು ನಾಚಬೇಕಾಗಿಲ್ಲ. ನಕ್ಕು ಮನೆಗೆ ಬಂದ ಮೇಲೆ, ಒಳಕೋಣೆಯಲ್ಲಿರುವ ವೃದ್ಧರ ಬಳಿ ಒಂದು ಗಳಿಗೆ ಕುಳಿತು, ಅವರಿಗೇನು ಬೇಕೆಂದು ಅವರನ್ನೇ ಕೇಳಿದರೆ ಸಾಕು.