ಹಿತ್ತಲಿನ ಗಿಡುಗ ಮತ್ತು ಶ್ರಾವಕನ ಕಣ್ಣು

ಹಿಂಸೆಯು ಕೇವಲ ಕೈಯಿಂದ ನಡೆಯುವ ಕ್ರಿಯೆಯಲ್ಲವೆಂಬುದು ಜಿನಾಗಮದ ಮೂಲಪಾಠ. ಮನ, ವಚನ, ಕಾಯಗಳೆಂಬ ಮೂರರಿಂದಲೂ, ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಗಳಿಂದಲೂ ಅದು ಒಂಬತ್ತು ಬಾಗಿಲುಗಳಲ್ಲಿ ಒಳಬರುತ್ತದೆ. ಇವುಗಳಲ್ಲಿ ಗೃಹಸ್ಥನು ಅತ್ಯಂತ ಕಡಿಮೆ ಕಾವಲಿಡುವ ಬಾಗಿಲು ಮನಸ್ಸಿನ ಅನುಮೋದನೆಯದು. ಕೈ ತೊಳೆದಿದೆ, ಅಡುಗೆ ಶುದ್ಧವಾಗಿದೆ, ನೀರು ಸೋಸಿದೆ; ಇಷ್ಟರಿಂದಲೇ ವ್ರತವು ಉಳಿಯಿತೆಂದು ಭಾವಿಸುತ್ತೇವೆ. ಕಣ್ಣು ಯಾವುದನ್ನು ಬಯಸಿ ಕಾದು ಕುಳಿತಿತ್ತೆಂದು ಕೇಳಿಕೊಳ್ಳುವವರು ವಿರಳ. ಮನೆಮನೆಗೂ ಕ್ಯಾಮೆರಾ ಬಂದಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಈ ಸೀಮೆಯಲ್ಲಿ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುತ್ತದೆ. ಕರುಣೆಯುಳ್ಳ ಗೃಹಿಣಿಯು ಹಿತ್ತಲಿನ ಬೇವಿನ ಮರದ ಕೆಳಗೆ ನೀರಿನ ಪಾತ್ರೆಯನ್ನಿಟ್ಟು ಒಂದು ಹಿಡಿ ಜೋಳವನ್ನು ಚೆಲ್ಲುತ್ತಾಳೆ. ಗುಬ್ಬಿ, ಬೆಳವ, ಅಳಿಲುಗಳು ಬರುತ್ತವೆ. ಅವುಗಳ ಬೆನ್ನಿಗೆ ಒಂದು ದಿನ ಚಿಕ್ಕದೊಂದು ಗಿಡುಗವೂ ಬರುತ್ತದೆ. ಪಕ್ಷಿಶಾಸ್ತ್ರಜ್ಞರು ಶಿಕ್ರಾ ಎಂದು ಕರೆಯುವ ಈ ಹಕ್ಕಿ ಗಾತ್ರದಲ್ಲಿ ಪಾರಿವಾಳದಷ್ಟೇ. ಬೆನ್ನು ಬೂದು, ಎದೆಯ ಮೇಲೆ ಕಂದುಗೆಂಪಿನ ಅಡ್ಡಗೆರೆಗಳು, ಗಂಡಿನ ಕಣ್ಣು ಕೆಂಡದಂತೆ ಕೆಂಪು. ಓತಿಕ್ಯಾತ, ಇಲಿ, ಮಿಡತೆ, ಸಣ್ಣ ಹಕ್ಕಿಗಳು ಇದರ ಆಹಾರ. ಎಲೆಗಳ ಮರೆಯಲ್ಲಿ ನಿಶ್ಚಲವಾಗಿ ಕುಳಿತು, ಕ್ಷಣಮಾತ್ರದಲ್ಲಿ ಎರಗುವುದು ಇದರ ರೀತಿ. ಮನೆಯ ತರುಣನು ಕ್ಯಾಮೆರಾ ಹಿಡಿದು ಕಿಟಕಿಯ ಹಿಂದೆ ನಿಲ್ಲುತ್ತಾನೆ. ಅಜ್ಜಿಯು ಕೇಳುತ್ತಾಳೆ: “ಇದು ಪಾಪವಲ್ಲವೇನಪ್ಪಾ?” ತರುಣನ ಉತ್ತರ ಸಿದ್ಧವಾಗಿದೆ: “ನಾನು ಕೊಲ್ಲಲಿಲ್ಲ, ಕೊಲ್ಲಿಸಲಿಲ್ಲ, ನೋಡಿದೆನಷ್ಟೇ ಅಜ್ಜಿ.” ಇಬ್ಬರ ಮಾತಿನಲ್ಲಿಯೂ ವಿಚಾರಾರ್ಹವಾದ ಅಂಶವಿದೆ.

ಮೊದಲು ಗಿಡುಗದ ಪಕ್ಷವನ್ನು ನೋಡೋಣ. ಅದನ್ನು ಕಂಡೊಡನೆ ಕಲ್ಲೆತ್ತುವವರುಂಟು. ಅನೇಕ ಗುಬ್ಬಿಗಳನ್ನುಳಿಸಲು ಒಂದು ಹಿಂಸ್ರಪ್ರಾಣಿಯನ್ನು ಹೊಡೆದರೆ ದೋಷವೇನೆಂದು ಅವರ ವಾದ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ವಾದವನ್ನು ಹೆಸರಿಸಿಯೇ ನಿರಾಕರಿಸಿದ್ದಾರೆ. ಬಹುಜೀವಗಳ ರಕ್ಷಣೆಯ ನೆಪದಲ್ಲಿಯೂ ಹಿಂಸ್ರಜೀವದ ವಧೆ ಸಲ್ಲದು. ಗಿಡುಗವು ಹಸಿವಿನಿಂದ ಕೊಲ್ಲುತ್ತದೆ; ತಿರ್ಯಂಚಗತಿಯಲ್ಲಿ ಅದಕ್ಕೆ ದೊರೆತ ಬಾಳು ಅದು. ಅದರ ಮೇಲೆ ದ್ವೇಷವಿಟ್ಟು ಅದರ ನಾಶವನ್ನು ಚಿಂತಿಸುವುದು ಅನರ್ಥದಂಡಗಳಲ್ಲಿ ಒಂದಾದ ಅಪಧ್ಯಾನವಾಗುತ್ತದೆ.

ಹಾಗಾದರೆ ಅದರ ಹಸಿವನ್ನು ನಾವೇ ತಣಿಸಬಹುದೆ? ಈ ಪ್ರಶ್ನೆಗೆ ಉತ್ತರವನ್ನು ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಕಾಣಬಹುದು. ಶಾಂತಿನಾಥ ತೀರ್ಥಂಕರರ ಪೂರ್ವಭವದ ಮೇಘರಥ ರಾಜನ ಮುಂದೆ ಪಾರಿವಾಳವೊಂದು ಅಭಯವನ್ನರಸಿ ಬರುತ್ತದೆ. ಹಿಂದೆಯೇ ಹದ್ದು ಬರುತ್ತದೆ. ಮಾಂಸವು ದಾನಕ್ಕೆ ಯೋಗ್ಯವಾದ ವಸ್ತುವಲ್ಲ, ಅದನ್ನು ಬಯಸುವವನು ಪಾತ್ರನಲ್ಲ, ಕೊಡುವವನು ದಾತಾರನೂ ಅಲ್ಲವೆಂದು ಮೇಘರಥನು ವಿವರಿಸುತ್ತಾನೆ. ಒಳ್ಳೆಯ ಚಿತ್ರದ ಆಸೆಗೆ ಇಲಿಯನ್ನೋ ಮರಿಕೋಳಿಯನ್ನೋ ಕಟ್ಟಿ ಬೇಟೆಹಕ್ಕಿಯನ್ನು ಕರೆಯುವವರು ಇಂದು ಅಲ್ಲಲ್ಲಿ ಇದ್ದಾರೆ. ಅದು ಅನುಮೋದನೆಯ ಗಡಿಯನ್ನು ದಾಟಿ ನೇರವಾಗಿ ಕಾರಿತ ಹಿಂಸೆಯೇ ಆಗುತ್ತದೆ. ಕಾಳು ಚೆಲ್ಲುವ ಗೃಹಿಣಿಗೆ ಆ ದೋಷವಿಲ್ಲ; ಅವಳ ಸಂಕಲ್ಪ ಕರುಣೆಯದು. ಆದರೂ ಪ್ರಮಾದವಿರಬಾರದು. ಬಟ್ಟಬಯಲಿನಲ್ಲಿ ಕಾಳು ಚೆಲ್ಲದೆ, ಗುಬ್ಬಿಗಳು ಒಡನೆ ಅಡಗಿಕೊಳ್ಳಬಲ್ಲ ಒತ್ತಾದ ಗಿಡಗಂಟಿಯ ಹತ್ತಿರ ಪಾತ್ರೆಯನ್ನಿಟ್ಟರೆ ಕರುಣೆಯೊಂದಿಗೆ ವಿವೇಕವೂ ಕೂಡುತ್ತದೆ.

ಇನ್ನು ಚಿತ್ರದ ಮಾತು. ಹಿಂದೆ ಫೋಟೋ ಫಿಲ್ಮಿನ ಲೇಪನಕ್ಕೆ ಪಶುಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್ ಬೇಕಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾಕ್ಕೆ ಫಿಲ್ಮು ಬೇಡವಾದುದರಿಂದ ಆ ದೋಷವು ಕಳೆಯಿತು. ಗಿಡುಗವನ್ನು ದೂರದಿಂದ, ಅದಕ್ಕೆ ತೊಂದರೆಯಾಗದಂತೆ ನೋಡುವುದಾಗಲಿ ಚಿತ್ರಿಸುವುದಾಗಲಿ ತನ್ನಷ್ಟಕ್ಕೆ ಪಾಪವಲ್ಲ. ಆ ಕಣ್ಣನ್ನು, ಆ ಗರಿಗಳನ್ನು ಹತ್ತಿರದಿಂದ ಕಂಡ ಬಾಲಕನು ಮುಂದೆ ಕವಣೆ ಹಿಡಿಯದಿರಬಹುದು. ಆದರೆ ಗೂಡಿನ ಸಮೀಪಕ್ಕೆ ಹೋಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕದಡುವುದನ್ನು ‘ಬೇಟೆ’ ಎಂಬ ಶಬ್ದದ ಅರ್ಥದಲ್ಲಿಯೇ ಸೇರಿಸಿದೆ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ತ್ಯಜಿಸಿದವನಿಗೆ ಇದು ಕಾಯಿದೆಯ ಭಯದಿಂದ ತಿಳಿಯಬೇಕಾದ ಮಾತಲ್ಲ.

ನಿಜವಾದ ಅಪಾಯವಿರುವುದು ಕಾಯುವುದರಲ್ಲಿ. ಗಿಡುಗವು ಸುಮ್ಮನೆ ಕುಳಿತ ಚಿತ್ರಕ್ಕೆ ಬೆಲೆ ಕಡಿಮೆ, ಎರಗಿ ಹಿಡಿದ ಚಿತ್ರಕ್ಕೆ ಬೆಲೆ ಹೆಚ್ಚು. ಆದುದರಿಂದ ಕ್ಯಾಮೆರಾ ಹಿಡಿದವನು ಅರ್ಧ ಗಂಟೆ ಕಾಯುತ್ತಾನೆ. ಏನನ್ನು ಕಾಯುತ್ತಾನೆ? ಗುಬ್ಬಿಯು ತಪ್ಪಿಸಿಕೊಂಡರೆ ಅವನಿಗೆ ನಿರಾಶೆ, ಸಿಕ್ಕಿದರೆ ಹರ್ಷ. ಆ ಹರ್ಷಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ: ಹಿಂಸಾನಂದ, ಅದು ರೌದ್ರಧ್ಯಾನದ ಮೊದಲನೆಯ ಭೇದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸಾಕಿದ ಗಿಡುಗಗಳಿಂದ ಹಕ್ಕಿಗಳನ್ನು ಹಿಡಿಸುವ ಶ್ಯೇನವಿನೋದದ ವರ್ಣನೆಯಿದೆ. ಅರಸನ ಕೈಗೂ ರಕ್ತ ಅಂಟುತ್ತಿರಲಿಲ್ಲ. ಅವನು ಹಕ್ಕಿಯನ್ನು ಬಿಟ್ಟನು, ಇವನು ಬಿಡಲಿಲ್ಲ, ಭೇದವು ಅಷ್ಟೇ. ಎರಗುವ ಕ್ಷಣದಲ್ಲಿ ಹಿಗ್ಗುವ ಮನಸ್ಸು ಇಬ್ಬರದೂ ಒಂದೇ.

ಸತ್ತದ್ದು ಚಿತ್ರದೊಳಗಲ್ಲವೆ, ಅದರಿಂದೇನು ಎನ್ನುವವರಿಗೆ ಯಶೋಧರನ ಕಥೆಯು ಉತ್ತರ. ಆ ಕಥೆಯನ್ನು ಜನ್ನನು 1209ರಲ್ಲಿ ಕನ್ನಡದಲ್ಲಿ ಬರೆಯುವುದಕ್ಕೂ ಮುನ್ನ, ಹತ್ತನೆಯ ಶತಮಾನದಲ್ಲಿ, ಪುಷ್ಪದಂತ ಕವಿಯು ಅಪಭ್ರಂಶದಲ್ಲಿ ಬರೆದದ್ದು ನಮ್ಮದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ಅಂದಿನ ಮಾನ್ಯಖೇಟದಲ್ಲಿ. ಯಶೋಧರನು ಜೀವಂತ ಪಕ್ಷಿಯನ್ನು ಕೊಲ್ಲಲಿಲ್ಲ. ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ ಭವಭವಗಳಲ್ಲಿ ತೊಳಲಿದರು. ಬೇಟೆಯನ್ನು ಬಿಟ್ಟವನು ಬಟ್ಟೆ, ನಾಣ್ಯ ಮೊದಲಾದವುಗಳ ಮೇಲಿನ ಜೀವಿಗಳ ಆಕೃತಿಯನ್ನೂ ಛೇದಿಸಬಾರದೆಂದು ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ವಿಧಿಸಿದರು. ಆಕೃತಿಗೆ ನೋವಾಗುವುದಿಲ್ಲವೆಂದು ಅವರಿಗೆ ತಿಳಿಯದೆ? ಕೆಡುವುದು ಛೇದಿಸುವವನ ಪರಿಣಾಮ, ಎಂದರೆ ಅವನ ಒಳಗಿನ ಭಾವ.

ಆದುದರಿಂದ ವ್ರತಿಗಳು ಕೆಲವು ನಿಯಮಗಳನ್ನು ಸ್ವೀಕರಿಸಬಹುದು. ಕೊಲ್ಲುವ ಕ್ಷಣದ ಚಿತ್ರಕ್ಕಾಗಿ ಕಾಯದಿರುವುದು. ಅಂಥ ದೃಶ್ಯವು ತಾನಾಗಿ ಎದುರಾದರೆ ಕ್ಯಾಮೆರಾವನ್ನು ಕೆಳಗಿಡುವುದು. ಸಾಯುತ್ತಿದ್ದ ನಾಯಿಗೆ ಜೀವಂಧರಸ್ವಾಮಿಯು ಪಂಚನಮಸ್ಕಾರ ಮಂತ್ರವನ್ನು ಕೇಳಿಸಿದನಲ್ಲವೆ? ಗಿಡುಗದ ಉಗುರುಗಳಲ್ಲಿ ಸಿಕ್ಕ ಗುಬ್ಬಿಗೂ ಅದನ್ನು ಉಚ್ಚರಿಸಲು ಒಂದು ನಿಮಿಷ ಸಾಕು. ಅಷ್ಟಮೀ ಚತುರ್ದಶಿಗಳ ಪ್ರೋಷಧೋಪವಾಸದಲ್ಲಂತೂ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಉಚಿತ. ಉಪವಾಸದ ದಿನ ಗಂಧ, ಪುಷ್ಪ, ಸ್ನಾನಗಳೊಡನೆ ಕಣ್ಣಿನ ಅಂಜನವನ್ನೂ ಬಿಡಬೇಕೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಹೇಳಿದ್ದಾರೆ. ಕಣ್ಣಿನ ಅಲಂಕಾರವನ್ನು ಬಿಟ್ಟು ಕಣ್ಣಿನ ಲೋಲುಪತೆಯನ್ನು ಉಳಿಸಿಕೊಂಡರೆ ಅದೆಂಥ ಉಪವಾಸ? ನಾಲಗೆಯು ಹಸಿದಿರುವಾಗ ಕಣ್ಣಿಗೆ ಮಾಂಸದೂಟವನ್ನು ಬಡಿಸಿದಂತಾಯಿತು.

ಆ ದಿನ ಹಿತ್ತಲಿಗೆ ಗಿಡುಗವು ಬಂದರೆ ಸುಮ್ಮನೆ ನೋಡಬಹುದು. ಅದಕ್ಕೂ ಹಸಿವು, ಉಪವಾಸಿಗೂ ಹಸಿವು. ಅದರ ಹಸಿವು ಅದನ್ನು ಓಡಿಸುತ್ತದೆ. ಉಪವಾಸಿಯು ತನ್ನ ಹಸಿವನ್ನು ತಾನೇ ಆರಿಸಿಕೊಂಡಿದ್ದಾನೆ. ಆ ಆಯ್ಕೆಯು ಮನುಷ್ಯಭವದ ಲಾಭ. ಆದರೂ ಗಿಡುಗವನ್ನು ಕೀಳಾಗಿ ಕಾಣಬೇಕಾಗಿಲ್ಲ. ರವಿಷೇಣಾಚಾರ್ಯರ ‘ಪದ್ಮಪುರಾಣ’ದಲ್ಲಿ ಜಟಾಯುವು ಮುನಿಗಳ ಉಪದೇಶವನ್ನು ಕೇಳಿ ಅಣುವ್ರತಗಳನ್ನು ಹಿಡಿದ ಹದ್ದು. ಮಾಂಸವೇ ಆಹಾರವಾಗಿದ್ದ ಪಕ್ಷಿಯು ವ್ರತವನ್ನು ಪಾಲಿಸಿತೆಂದು ನಾವು ಭಕ್ತಿಯಿಂದ ಓದುತ್ತೇವೆ. ವ್ರತವನ್ನು ಹಿಡಿದ ನಾವು ಕಿಟಕಿಯ ಹಿಂದೆ ನಿಂತು ಗುಬ್ಬಿಯ ಸಾವಿಗೆ ಕಾಯುವುದು ಆ ಓದಿಗೆ ತಕ್ಕುದಲ್ಲ.