ದಂಡದ ತಾರತಮ್ಯವೂ ವಕೀಲನ ವಾಣಿಯೂ

ಶಿಗ್ಗಾಂವಿ ತಾಲೂಕಿನ ಹುಲಗೂರಿನಂಥ ಊರಿನಲ್ಲಿ ಹೊಲದ ಬದುವಿಗಾಗಿ ಹುಟ್ಟಿದ ಜಗಳವು ಒಮ್ಮೊಮ್ಮೆ ಬಡಿಗೆಯವರೆಗೂ ಹೋಗುವದುಂಟು. ಅಂಥ ಎರಡು ಜಗಳಗಳಲ್ಲಿ ಒಬ್ಬೊಬ್ಬನು ಸತ್ತು, ಹೊಡೆದವರಲ್ಲಿ ಒಬ್ಬನಿಗೆ ಆಜೀವ ಕಾರಾವಾಸವೂ ಇನ್ನೊಬ್ಬನಿಗೆ ಐದೇ ವರುಷದ ಸಜೆಯೂ ಆಯಿತೆಂದು ಭಾವಿಸಬಹುದು. ಹಜರೇಶಾ ಖಾದ್ರಿಯವರ ದರ್ಗೆಯ ಬಳಿಯಲ್ಲಿ ಕುಳಿತ ಹಿರಿಯರು, “ಹೋದ ಜೀವ ಎರಡೂ ಕಡೆ ಒಂದೇ, ದಂಡ ಮಾತ್ರ ಬೇರೆ ಯಾಕ?” ಎಂದು ಕೇಳದಿರರು. ಪ್ರಶ್ನೆಯು ಒರಟಾಗಿ ಕಂಡರೂ ಅದರ ಬೇರು ಆಳವಾದದ್ದು.

ಈ ಪ್ರಶ್ನೆಯು ಹೊಸದಲ್ಲ. ದಂಡವನ್ನು ವಿಧಿಸುವಾಗ ಅಪರಾಧವನ್ನಷ್ಟೇ ಅಲ್ಲ, ದೇಶ, ಕಾಲ, ಅಪರಾಧಿಯ ಬಲ, ವಯಸ್ಸು, ವೃತ್ತಿ, ವಿತ್ತ ಇವೆಲ್ಲವನ್ನೂ ತೂಗಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುವದು. ಕಲ್ಯಾಣದಲ್ಲಿದ್ದುಕೊಂಡು ಅದಕ್ಕೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಬರಿಯ ಮಾತಿನ ದಂಡ, ಧಿಕ್ಕಾರ, ಧನದಂಡ, ವಧೆ ಎಂಬ ಮೆಟ್ಟಿಲುಗಳು ಆ ಶಾಸ್ತ್ರದಲ್ಲಿಯೇ ಇರುವವು. ಆದರೆ ಅದೇ ಸ್ಮೃತಿಗಳು ವರ್ಣವನ್ನು ನೋಡಿಯೂ ದಂಡವನ್ನು ಏರಿಳಿಸಿದವೆಂಬುದನ್ನು ಮುಚ್ಚಿಡಲಾಗದು. ಆದುದರಿಂದ ತಾರತಮ್ಯವು ತಾನಾಗಿ ನ್ಯಾಯವೂ ಅಲ್ಲ, ಅನ್ಯಾಯವೂ ಅಲ್ಲ. ಅದು ಯಾವದರ ಮೇಲೆ ನಿಂತಿದೆಯೆಂಬುದೇ ವಿಚಾರಣೀಯವು.

1860ರ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ಕೊಲೆಗೆ ಅದರಲ್ಲಿ ಮರಣ ಅಥವಾ ಆಜೀವ ಕಾರಾವಾಸ. ಪೂರ್ವಸಂಕಲ್ಪವಿಲ್ಲದೆ, ಹಠಾತ್ತನೆ ಹುಟ್ಟಿದ ಕಲಹದಲ್ಲಿ, ಕ್ರೌರ್ಯವನ್ನು ತೋರದೆ ಹೊಡೆದ ಪೆಟ್ಟಿನಿಂದ ಸಾವಾದರೆ ಅದು ಕೊಲೆಯೆನಿಸದು. ಆಗ ದಂಡವು ಬಹಳ ಇಳಿಯಬಹುದು. ಪೆಟ್ಟು ಒಂದೇ, ಮನಸ್ಸು ಬೇರೆ. ಆ ಮನಸ್ಸನ್ನು ಕಂಡವರಾರು? ಬಡಿಗೆಯನ್ನು ಮನೆಯಿಂದ ತಂದನೋ, ಬದುವಿನ ಮೇಲೆ ಬಿದ್ದದ್ದನ್ನು ಎತ್ತಿಕೊಂಡನೋ, ಮೊದಲು ಕೈಮಾಡಿದವನು ಯಾವನು ಎಂಬುದನ್ನು ಸಾಕ್ಷಿಗಳ ಬಾಯಿಂದ ಹೊರಡಿಸಬೇಕು. ಪಾಟೀಸವಾಲು ಮಾಡಲರಿಯದ ಒಕ್ಕಲಿಗನು ಕೈಮುಗಿದು ನಿಂತರೆ ಸತ್ಯವು ಪಂಚನಾಮೆಯಲ್ಲಿ ಬರೆದಷ್ಟೇ ಆಗಿ ಉಳಿಯುವದು.

ಅಪರಾಧವು ಸಿದ್ಧವಾದ ಮೇಲೂ ಕೆಲಸ ಮುಗಿಯದು. ದಂಡವೆಷ್ಟೆಂಬ ಬಗ್ಗೆ ಅಪರಾಧಿಯನ್ನು ಪ್ರತ್ಯೇಕವಾಗಿ ಕೇಳತಕ್ಕದ್ದೆಂದು 1973ರ ಪ್ರಕ್ರಿಯಾ ಸಂಹಿತೆಯು ವಿಧಿಸಿತು. ಈಗಿನ ಸಂಹಿತೆಯಲ್ಲಿಯೂ ಅದು ಉಳಿದಿದೆ. ಇಷ್ಟಾದರೂ ನ್ಯಾಯಾಧೀಶರ ಮನೋಧರ್ಮದಿಂದಾಗುವ ಭೇದವು ತೊಲಗಿಲ್ಲ. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಮರಣದಂಡವೆಂದವು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮರಣವೆಂದರು, ಇನ್ನೊಬ್ಬರು ಆಜೀವವೆಂದರು. 2008ರಲ್ಲಿ ಮೂವರ ಪೀಠವು ಸಾಯುವವರೆಗೆ ಬಿಡುಗಡೆಯಿಲ್ಲದ ಕಾರಾವಾಸವನ್ನು ವಿಧಿಸಿ, ಇಂಥ ನಿರ್ಣಯಗಳು ಪೀಠದಲ್ಲಿ ಕುಳಿತವರ ಒಲವನ್ನು ಬಹಳಮಟ್ಟಿಗೆ ಅವಲಂಬಿಸುವವೆಂದು ತಾನೇ ಒಪ್ಪಿಕೊಂಡಿತು. ಕಡತ ಒಂದೇ, ಮನುಷ್ಯನೂ ಒಬ್ಬನೇ! ದಂಡನಿರ್ಣಯಕ್ಕೆ ಮಾರ್ಗಸೂತ್ರಗಳು ಬೇಕೆಂದು ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿಯು 2003ರಲ್ಲಿಯೇ ಹೇಳಿತ್ತು.

ಘೋರಪಾತಕದ ಆರೋಪಿಗೆ ವಕೀಲನೇಕೆಂಬ ಮಾತು ಸಭ್ಯರ ಮನೆಗಳಲ್ಲಿಯೂ ಕೇಳಿಬರುವದು. ಕಾತ್ಯಾಯನನು ಕೂಡ ಮಹಾಪಾತಕಗಳಲ್ಲಿ ಪ್ರತಿನಿಧಿಯು ಸಲ್ಲ, ಆರೋಪಿಯು ತಾನೇ ಉತ್ತರ ಕೊಡಬೇಕೆಂದನು. ಇಂಗ್ಲೆಂಡಿನಲ್ಲಿ 1836ರವರೆಗೆ ಘೋರಾಪರಾಧದ ಆರೋಪಿಯ ಪರವಾಗಿ ವಕೀಲನು ಜ್ಯೂರಿಯನ್ನುದ್ದೇಶಿಸಿ ವಾದಿಸುವಂತಿರಲಿಲ್ಲ. ಕುತ್ತಿಗೆಯೇ ಪಣವಾದಲ್ಲಿ ನಾಲಗೆಯನ್ನು ಕಟ್ಟುವ ಈ ವಿಪರೀತವನ್ನು ನಮ್ಮ ಸಂವಿಧಾನದ 22ನೆಯ ವಿಧಿಯು ಕಿತ್ತುಹಾಕಿತು. ಆದರೂ 2020ರ ಫೆಬ್ರುವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರದ ಮೂವರು ವಿದ್ಯಾರ್ಥಿಗಳ ಪರವಾಗಿ ನಿಲ್ಲಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘವು ನಿರ್ಣಯಿಸಿತು. ಉಚ್ಚ ನ್ಯಾಯಾಲಯವು ತೀವ್ರವಾಗಿ ಆಕ್ಷೇಪಿಸಿದ ಬಳಿಕ ಆ ನಿರ್ಣಯವು ಮಾರ್ಪಟ್ಟಿತು. ತಪ್ಪಿತಸ್ಥನೆಂಬುದು ವಿಚಾರಣೆಯ ಕೊನೆಗೆ ತಿಳಿಯತಕ್ಕ ಸಂಗತಿ. ಅದನ್ನು ಮೊದಲೇ ಬಲ್ಲೆನೆನ್ನುವ ವಕೀಲನು ನ್ಯಾಯಾಧೀಶನ ಪೀಠವನ್ನೇರಿದಂತಾಯಿತು.

ಬಡವನಿಗೆ ಉಚಿತ ನೆರವು ಕೊಡಬೇಕೆಂಬ 39ಅ ವಿಧಿಯು 1976ರಲ್ಲಿ ಸೇರಿತು; 1987ರ ಕಾನೂನು ಸೇವೆಗಳ ಅಧಿನಿಯಮವು 1995ರಲ್ಲಿ ಜಾರಿಗೆ ಬಂದಿತು. ಬಂಧನದಲ್ಲಿರುವವನು ತನ್ನ ಆದಾಯವೆಷ್ಟೇ ಇರಲಿ, ಇದಕ್ಕೆ ಅರ್ಹನು. ಆದುದರಿಂದ ಬದುವಿನ ಮೇಲೆ ಹೊಡೆದಾಡಿದ ಹುಲಗೂರಿನ ಒಕ್ಕಲಿಗನಿಗೂ ಸರಕಾರವು ಒಬ್ಬ ವಕೀಲನನ್ನು ಕೊಡುವದು. ಆ ವಕೀಲನು ಹಾವೇರಿಯ ಕೋರ್ಟಿನಲ್ಲಿ ಎದ್ದು ನಿಲ್ಲುವ ಮೊದಲು ಒಮ್ಮೆ ಊರಿಗೆ ಬಂದು ಆ ಬದುವನ್ನು ಕಣ್ಣಾರೆ ನೋಡಿರುವನೇ, ಆತನ ತಾಯಿಯನ್ನು ಕರೆದು ಮಾತಾಡಿಸಿರುವನೇ ಎಂಬುದನ್ನು ಯಾವ ಅಧಿನಿಯಮವೂ ಕೇಳುವದಿಲ್ಲ.