ನರಿಯ ಐನೂರು ಜನ್ಮ: ಝೆನ್ ದೃಷ್ಟಿಯಲ್ಲಿ ಕರ್ಮ ಮತ್ತು ತರ್ಕ

ಜ್ಞಾನಿಯಾದವನಿಗೂ ಕರ್ಮಫಲ ಉಂಟೆ? ಕರ್ಮವನ್ನು ಒಪ್ಪಿದ ಎಲ್ಲ ದರ್ಶನಗಳೂ ಎದುರಿಸಲೇಬೇಕಾದ ಪ್ರಶ್ನೆಯಿದು. ಉಂಟೆಂದರೆ ಜ್ಞಾನದ ಪ್ರಯೋಜನವೇನು? ಇಲ್ಲವೆಂದರೆ ಜ್ಞಾನಿಯೆನಿಸಿಕೊಂಡವನು ಏನು ಮಾಡಿದರೂ ಸರಿಯೆಂದಾಗುವುದಿಲ್ಲವೆ? ‘ಧ್ಯಾನ’ ಎಂಬ ಸಂಸ್ಕೃತ ಶಬ್ದದಿಂದಲೇ ಹೆಸರು ಪಡೆದು, ಚೀನಾದಲ್ಲಿ ಛಾನ್ ಎಂದೂ ಜಪಾನಿನಲ್ಲಿ ಝೆನ್ ಎಂದೂ ಬೆಳೆದ ಬೌದ್ಧ ಪರಂಪರೆಯು ಈ ಪ್ರಶ್ನೆಯನ್ನು ಒಂದು ಕಥೆಯಾಗಿ ನಿರೂಪಿಸಿದೆ. ಚೀನೀ ಗುರು ವೂಮೆನ್ 1228ರಲ್ಲಿ ಸಂಕಲಿಸಿದ 48 ಪ್ರಸಂಗಗಳ ‘ವೂಮೆನ್ ಗುವಾನ್’ ಗ್ರಂಥದಲ್ಲಿ ಅದು ಎರಡನೆಯದು.

814ರಲ್ಲಿ ನಿಧನನಾದ ಬೈಜಾಂಗ್ ಎಂಬ ಗುರುವಿನ ಉಪದೇಶ ಕೇಳಲು ವೃದ್ಧನೊಬ್ಬ ನಿತ್ಯವೂ ಬರುತ್ತಿದ್ದನು. ಒಂದು ದಿನ ಎಲ್ಲರೂ ಹೋದ ಮೇಲೂ ಉಳಿದು, ತಾನು ಮನುಷ್ಯನಲ್ಲವೆಂದನು. ಹಿಂದೆ ಕಾಶ್ಯಪಬುದ್ಧನ ಕಾಲದಲ್ಲಿ ಅವನು ಅದೇ ಬೆಟ್ಟದ ಮಠಾಧಿಪತಿ. ಮಹಾಸಾಧಕನು ಕಾರ್ಯಕಾರಣಕ್ಕೆ ಸಿಲುಕುವನೆ ಎಂದು ಶಿಷ್ಯನು ಕೇಳಿದಾಗ ‘ಸಿಲುಕನು’ ಎಂದಿದ್ದನು. ಆ ಉತ್ತರದ ಫಲವಾಗಿ ಐನೂರು ಜನ್ಮ ನರಿಯಾದನು. ಈಗ ಅದೇ ಪ್ರಶ್ನೆಯನ್ನು ಅವನು ಬೈಜಾಂಗನಿಗೆ ಕೇಳಿದನು. ಗುರುವು, ಸಾಧಕನು ಕಾರ್ಯಕಾರಣವನ್ನು ಮರೆಮಾಚನು ಎಂದನು. ವೃದ್ಧನಿಗೆ ಅರಿವು ಮೂಡಿತು, ನರಿಜನ್ಮ ಹರಿಯಿತು. ಬೆಟ್ಟದ ಹಿಂದೆ ಸತ್ತುಬಿದ್ದಿದ್ದ ನರಿಗೆ ಭಿಕ್ಷುವಿಗೆ ಸಲ್ಲುವ ಸಂಸ್ಕಾರವನ್ನೇ ಮಾಡಲಾಯಿತು.

ಎರಡು ಉತ್ತರಗಳ ನಡುವಿನ ಅಂತರ ಒಂದು ಪದ ಮಾತ್ರ. ಆದರೆ ಮೊದಲನೆಯದು ಜ್ಞಾನವನ್ನು ವಿನಾಯಿತಿಯೆಂದು ತಿಳಿಯಿತು; ಎರಡನೆಯದು ಅದನ್ನು ದೃಷ್ಟಿಯೆಂದು ತಿಳಿಯಿತು. ಕಣ್ಣುಳ್ಳವನನ್ನೂ ಬೆಂಕಿ ಸುಡುತ್ತದೆ. ಸುಡುತ್ತದೆಂದು ಕಾಣಬಲ್ಲನಾದ್ದರಿಂದ ಅವನು ಅದರೊಡನೆ ಎಚ್ಚರದಿಂದ ಬಾಳುತ್ತಾನೆ. ‘ಬದ್ಧನೋ ಮುಕ್ತನೋ’ ಎಂಬ ತರ್ಕದ ಎರಡು ಕವಲುಗಳೂ, ಕಾರಣಗಳ ಪ್ರವಾಹದ ದಡದಲ್ಲಿ ಬೇರೆಯಾಗಿ ನಿಂತ ‘ನಾನು’ ಒಬ್ಬನಿದ್ದಾನೆಂದು ಮೊದಲೇ ಒಪ್ಪಿಕೊಂಡಿವೆ. ಬೌದ್ಧಮತದಲ್ಲಿ ವ್ಯಕ್ತಿಯೇ ಆ ಪ್ರವಾಹ. ಆದ್ದರಿಂದ ಬೈಜಾಂಗನು ಎರಡರಲ್ಲೊಂದನ್ನು ಆರಿಸದೆ ಪ್ರಶ್ನೆಯ ನೆಲೆಯನ್ನೇ ಬದಲಿಸಿದನು.

ಕಥೆ ಇಲ್ಲಿಗೂ ಮುಗಿಯದು. ಪ್ರತಿಸಲವೂ ಸರಿಯುತ್ತರ ಕೊಟ್ಟಿದ್ದರೆ ಅವನು ಏನಾಗುತ್ತಿದ್ದನು ಎಂದು ಶಿಷ್ಯ ಹುವಾಂಗ್ಬೊ ಕೇಳಿದನು. ಹತ್ತಿರ ಬಾ, ಹೇಳುವೆನೆಂದ ಗುರುವಿನ ಬಳಿಗೆ ಹೋಗಿ ಅವನ ಕೆನ್ನೆಗೇ ಹೊಡೆದನು. ಗುರು ಚಪ್ಪಾಳೆ ತಟ್ಟಿ ನಕ್ಕನು. ಸರಿಯುತ್ತರವನ್ನೇ ಆಶ್ರಯ ಮಾಡಿಕೊಂಡರೆ ಅದೂ ಮತ್ತೊಂದು ನರಿಯ ಗುಹೆ ಎಂಬುದು ಇದರ ಧ್ವನಿ. ಝೆನ್ ತರ್ಕವನ್ನು ಅಲ್ಲಗಳೆಯುವುದಿಲ್ಲ. ತೀರ್ಮಾನದ ಹಿಂದೆ ಅಡಗಿ ಕುಳಿತವನನ್ನು ತರ್ಕವು ಹೊರಗೆಳೆಯಲಾರದೆಂದು ತೋರಿಸುತ್ತದೆ.

ಹಾಗೆಂದು ತರ್ಕಾತೀತತೆಯ ಹೆಸರಿನಲ್ಲಿ ನೀತಿಯನ್ನು ಕೈಬಿಡಲಾಗದು. ಎರಡು ಉತ್ತರಗಳೂ ಒಂದೇ ಎಂದು ಸಾರುತ್ತಿದ್ದವರನ್ನು ಜಪಾನಿನ ದೋಗೆನ್ (1200–1253) ಕಟುವಾಗಿ ಖಂಡಿಸಿ, ಕಾರ್ಯಕಾರಣದಲ್ಲಿ ಗಾಢಶ್ರದ್ಧೆಯೇ ಸಾಧನೆಯ ಬುಡವೆಂದನು. ಈ ಎಚ್ಚರಿಕೆ ವ್ಯರ್ಥವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಯುದ್ಧಗಳಲ್ಲಿ ಹಲವು ಝೆನ್ ಗುರುಗಳು ಶೂನ್ಯತೆಯ ಮಾತನ್ನೇ ಸೈನಿಕನ ಖಡ್ಗಕ್ಕೆ ಸಮರ್ಥನೆಯಾಗಿಸಿದರು. ದೋಗೆನ್ ಸ್ಥಾಪಿಸಿದ ಸೋತೋ ಪಂಥವೇ 1992ರಲ್ಲಿ ತನ್ನ ಯುದ್ಧಸಹಕಾರಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಡಬೇಕಾಯಿತು. ಕರ್ಮವನ್ನು ಮರೆಮಾಚಬಹುದು, ಇಲ್ಲವಾಗಿಸಲಾಗದು.

ಜೈನ ವಾಚಕರಿಗೆ ಈ ಚರ್ಚೆ ಅಪರಿಚಿತವಲ್ಲ. ಕರ್ಮದ ಸ್ವರೂಪದ ಬಗ್ಗೆ ಎರಡು ದರ್ಶನಗಳ ನಿಲುವು ಬೇರೆ. ಜೈನರಿಗೆ ಕರ್ಮವು ಜೀವಕ್ಕೆ ಅಂಟುವ ಪುದ್ಗಲ, ಬೌದ್ಧರಿಗೆ ಮುಖ್ಯವಾಗಿ ಚೇತನೆ. ಆದರೂ ಘಾತಿಕರ್ಮಗಳನ್ನು ಗೆದ್ದ ಕೇವಲಿಗೂ ಆಯು ಮುಗಿಯುವವರೆಗೆ ಅಘಾತಿಕರ್ಮಗಳು ಉಳಿದೇ ಇರುತ್ತವೆಂಬ ಸಿದ್ಧಾಂತವು ಬೈಜಾಂಗನ ಉತ್ತರಕ್ಕೆ ದೂರವಾದುದಲ್ಲ. ಸರ್ವಜ್ಞನೇ ವಿನಾಯಿತಿ ಬೇಡದಿರುವಾಗ, ಅಲ್ಪಜ್ಞನು ಅದನ್ನು ಬೇಡುವುದು ಹೇಗೆ?